ತೊಳೆದ ಮರಳು

ಆ ದಿನ ಬೆಳಿಗ್ಗೆ ಗಾಳಿಯೇ ಇರಲಿಲ್ಲ. ಆಕಾಶ, ತಿಕ್ಕಿ ಬೋರಲು ಹಾಕಿದ ಅಲ್ಯೂಮಿನಿಯಂ ಪಾತ್ರೆಯ ತಳದಂತೆ ಮಂಕಾಗಿತ್ತು. ಮಳೆಯೂ ಬರದು, ಬಿಸಿಲೂ ಬೀಳದು. ಎರಡರಲ್ಲಿ ಯಾವುದನ್ನು ಕಳಿಸಲಿ ಎಂದು ಭಗವಂತ ಗಲ್ಲಕ್ಕೆ ಕೈ ಕೊಟ್ಟು ಯೋಚಿಸುತ್ತಿದ್ದಂಥ ಬೆಳಗು. ಮಹಡಿಗಳ ಮೇಲೆ ಒಣಹಾಕಿದ ಬಟ್ಟೆಗಳು ಒಂದಿಷ್ಟೂ ಅಲುಗದೆ ನೇತಾಡುತ್ತಿದ್ದವು.

ಅವಳು ಒಂದು ಗಾಜಿನ ಜಾಡಿಯನ್ನು ಎದೆಗೆ ಒತ್ತಿಕೊಂಡು ರೈಲ್ವೆ ಸ್ಟೇಷನ್ ಹಿಂದಿನ ಗಲ್ಲಿಗೆ ಬಂದಳು. ಬೀಗದ ಕೈ ಮಾಡುವವನ ಗೂಡಂಗಡಿ ದಾಟಿದರೆ ಕಡಲ ಮೀನುಗಳ ಅಂಗಡಿ. ಒಳಗೆ ಕಾಲಿಟ್ಟೊಡನೆ ಹಗಲು ಹಿಂದೆ ಉಳಿಯಿತು. ಸಾಲು ಸಾಲು ಟ್ಯಾಂಕ್‌ಗಳ ನೀಲಿ ಬೆಳಕು, ಪಂಪುಗಳ ಗುಂಯ್‌ಗುಡುವಿಕೆ, ಅಂಚಿನಂಚಿಗೂ ಬೆಳ್ಳಗೆ ಕಟ್ಟಿದ ಉಪ್ಪು. ಅಂಗಡಿಯವನ ಅಂಗಿಯ ತೋಳಿನ ಮೇಲೂ ಉಪ್ಪಿತ್ತು.

ಅವಳು ಜಾಡಿಯನ್ನು ಮೇಜಿನ ಮೇಲೆ ಕುಕ್ಕಿದಳು.

"ಹೋದ ವಾರ ಪಕ್ಕದ ಮನೆಯವರ ಕೈಲಿ ನಿಮ್ಮ ಹತ್ರ ಬಸವನಹುಳು ತರಿಸಿದ್ದೆ. ಟ್ಯಾಂಕಿನ ಮರಳು ಕ್ಲೀನ್ ಮಾಡುತ್ತೆ ಅಂತ ಕೊಟ್ರಂತೆ. ಒಂದೂ ಉಳಿದಿಲ್ಲ. ಸಾಯೋ ಹುಳು ಮಾರೋದು ಯಾವ ವ್ಯಾಪಾರ ರೀ?"

ಅವನು ಮುಚ್ಚಳ ತೆಗೆದು ಮೂಸಿದ. ಚಿಪ್ಪುಗಳನ್ನು ಬಿಟ್ಟು ಅದರ ತಳದಲ್ಲಿದ್ದ ಮರಳನ್ನು ಚಿಟಿಕೆಯಷ್ಟು ತೆಗೆದು ಬೆರಳ ತುದಿಯಲ್ಲಿ ಉಜ್ಜಿ, ದೀಪಕ್ಕೆ ಹಿಡಿದ.

"ಹುಳು ಆಮೇಲೆ ಸತ್ತಿವೆ. ಮೊದಲು ಮರಳು ಸತ್ತಿದೆ," ಎಂದ.

"ಮರಳು ಸಾಯುತ್ತಾ? ಮೊದಲು ಬದುಕಿತ್ತಾ ಅದು?"

ಅವನು ಅವಳ ಮುಖ ನೋಡಿದ. ಆಮೇಲೆ, ಆಸ್ಪತ್ರೆಯಲ್ಲಿ ಹಿರಿಯ ನರ್ಸ್ ಕೇಳುವ ಹಾಗೆ, ಬಹಳ ಮೆತ್ತಗೆ ಕೇಳಿದ.

"ತೊಳೆದ್ರಾ?"

"ತೊಳೆಯದೆ ಮತ್ತೆ? ಕಂದು ಬಣ್ಣ ಕಟ್ಟಿತ್ತು. ಒಂದು ದಿನ ಪೂರ್ತಿ ಕೂತು ಬಚ್ಚಲಲ್ಲಿ ನಲ್ಲಿ ನೀರು ಬಿಟ್ಟು, ಅಕ್ಕಿ ತೊಳೆದ ಹಾಗೆ ಕೈಯಾಡಿಸಿ ತೊಳೆದೆ. ನೀರು ತಿಳಿ ಬರೋ ತನಕ. ಮಹಡಿ ಮೇಲೆ ಒಣಗಿಸಿ..." ಅವಳ ದನಿ ಅಲ್ಲಿಗೆ ನಿಂತಿತು. ಅವನ ಮುಖದಲ್ಲಿ ಸಾವಿನ ಸುದ್ದಿ ಕೇಳಿದವರ ಮೌನವಿತ್ತು. "ಯಾಕೆ? ತಪ್ಪಾಯ್ತಾ?"

"ಅದರೊಳಗೆ ಕಣ್ಣಿಗೆ ಕಾಣದಷ್ಟು ಜೀವ ಇರುತ್ತೆ ಅಮ್ಮಾ. ಎಳೆ ಎಳೆ ಹುಳ, ಸಾಸಿವೆಗಿಂತ ಸಣ್ಣ ಸೀಗಡಿ. ಮೀನು ತಿಂದು ಬಿಟ್ಟಿದ್ದು, ಸತ್ತಿದ್ದು, ಕೊಳೆತಿದ್ದು, ಎಲ್ಲ ಅವೇ ತಿಂದು ಅರಗಿಸ್ತವೆ. ನಲ್ಲಿಯ ಸಿಹಿನೀರು ತಾಗಿದ್ರೆ ಮುಗೀತು. ಬೆಳ್ಳಗೇನೋ ಆಗುತ್ತೆ." ಅವನು ಜಾಡಿಯ ಮುಚ್ಚಳ ಮುಚ್ಚಿದ. "ಯಾರ ಟ್ಯಾಂಕ್ ಇದು?"

"ನಮ್ಮ ಮನೆಯವರದು. ನಾಟಕಗಳಿಗೆ ಲೈಟ್ ಹಾಕ್ತಿದ್ರಲ್ಲ, ಅವರದು. ಹೋಗಿ ವರ್ಷದ ಮೇಲಾಯ್ತು."

ಅವನ ಕೈ ಮುಚ್ಚಳದ ಮೇಲೆ ಹಾಗೇ ನಿಂತಿತು. ಕಣ್ಣು ಒಂದು ಕ್ಷಣ ಅಂಗಡಿಯ ಹಿಂಬದಿಗೆ, ಹಳೇ ಬೆಡ್‌ಶೀಟ್ ಹೊದಿಸಿದ್ದ ಒಂದು ಟ್ಯಾಂಕಿನ ಕಡೆಗೆ ಹೋಗಿ ಬಂತು.

"ಕೇಳಿದ್ದೆ," ಎಂದನಷ್ಟೇ.

ಅವಳು ತಿಳಿನೀರಿನಲ್ಲಿ ತೇಲುವ ದೂಳಿನ ಹಾಗೆ ನಿಂತುಬಿಟ್ಟಳು. ಗಂಡನ ಕೈ ಮಾಡಿದ್ದರಲ್ಲಿ ಉಸಿರಾಡುತ್ತ ಉಳಿದದ್ದು ಅದೊಂದೇ. ಅದನ್ನೇ ಅವಳು ಪ್ರೀತಿಯಿಂದ, ಮಂಡಿಯೂರಿ ಕುಳಿತು, ಬೆಳ್ಳಗಾಗುವ ತನಕ ತೊಳೆದಿದ್ದಳು.

ಬಾಗಿಲಿನ ಬಳಿಯ ಟ್ಯಾಂಕಿನಲ್ಲಿ ಅಂಗೈಯಗಲದ ನಕ್ಷತ್ರಮೀನೊಂದು ಮರಳಿನಲ್ಲಿ ಅರ್ಧ ಹೂತು ನಿಧಾನವಾಗಿ ಸಾಗುತ್ತಿತ್ತು. ಕಣ್ಣೊರೆಸಿಕೊಳ್ಳುವುದಕ್ಕೆ ಒಂದು ನೆಪ ಬೇಕಾಗಿ ಅವಳು ಅದನ್ನೇ ತೋರಿಸಿದಳು. "ಅದು ಮರಳನ್ನ ಜರಡಿ ಹಿಡಿಯುತ್ತಂತಲ್ಲ. ಅದನ್ನ ಕೊಡಿ."

"ಕೊಡಲ್ಲ."

"ಯಾಕೆ, ಮಾರಾಟಕ್ಕಿಲ್ವಾ?"

"ಇದೆ. ನಿಮಗಲ್ಲ. ಮರಳಲ್ಲಿರೋ ಜೀವ ಅದರ ಊಟ. ನಿಮ್ಮ ಮರಳಲ್ಲಿ ಈಗ ಏನೂ ಇಲ್ಲ. ಹಸಿವಲ್ಲಿ ಸಾಯುತ್ತೆ. ನೋಡೋಕೆ ಚೆಂದ ಅಂತ ಕರ್ಕೊಂಡು ಹೋಗಿ ಉಪವಾಸ ಕೆಡವೋದು ಬೇಡ." ಅವನು ಒಂದು ಬಟ್ಟಲಿಗೆ ಮೂರು ಸಣ್ಣ ಹುಳುಗಳನ್ನು ತೆಗೆದ. ಗೋಪುರದ ಹಾಗೆ ತಿರುಚಿದ, ಕೊಳೆ ಬಣ್ಣದ ಚಿಪ್ಪು. ನೋಡಲು ಏನೇನೂ ಚೆಂದವಿಲ್ಲ. "ಇವು ಗಾಜಿನ ಮೇಲಿನ ಪಾಚಿನೂ ತಿಂತವೆ. ಬದುಕ್ಕೊಳ್ತವೆ. ಮೊದಲು ಇವು. ಆಮೇಲೆ ಮುಂದಿನದು."

"ಯಾವಾಗ ಸರಿ ಹೋಗುತ್ತೆ?"

"ಕಾಯಬೇಕು." ಅವನು ಹುಳುಗಳ ಚೀಲಕ್ಕೆ ಗಂಟು ಹಾಕಿದ. ಆಮೇಲೆ ತಲೆಯೆತ್ತದೆ, "ನಿಮ್ಮ ಧ್ವನಿ ನನಗೆ ಗೊತ್ತು," ಎಂದ.

ಗೊತ್ತಿಲ್ಲದವರು ಆ ಗಲ್ಲಿಯಲ್ಲಿ ಯಾರೂ ಇರಲಿಲ್ಲ. ಸ್ಟೇಷನ್ನಿನ ಧ್ವನಿವರ್ಧಕದಲ್ಲಿ ರೈಲುಗಳು ಬರುವುದನ್ನೂ ಹೊರಡುವುದನ್ನೂ, ಅದಕ್ಕಿಂತ ಹೆಚ್ಚಾಗಿ ಅವು ತಡವಾಗುವುದನ್ನೂ ಸಾರಿ ಹೇಳುವುದೇ ಅವಳ ಕೆಲಸ.

*

ಮನೆಯಲ್ಲಿ ಇದ್ದವರು ಇಬ್ಬರೇ, ಅವಳು ಮತ್ತು ಅತ್ತೆ. ಅತ್ತೆಗೆ ಮಂಡಿನೋವು. ಹಗಲೆಲ್ಲ ಟ್ಯಾಂಕಿನ ಎದುರು ಬೆತ್ತದ ಕುರ್ಚಿ ಹಾಕಿಕೊಂಡು, ಕೈಯಲ್ಲಿ ಜಪಮಣಿ ಹಿಡಿದು ಕೂರುವರು. ಮಣಿ ಸರಿಯುತ್ತಿದ್ದರೂ ಕಣ್ಣು ಮಾತ್ರ ಮೀನಿನ ಮೇಲೆ.

"ದೇವರ ನಾಮ ಹೇಳ್ತಿದ್ದೀರೋ ಮೀನಿನ ಲೆಕ್ಕ ಇಡ್ತಿದ್ದೀರೋ?" ಎಂದು ಸೊಸೆ ರೇಗಿಸುವಳು.

"ಎರಡೂ ಅವನದೇ ಅಲ್ವೇನೇ," ಎಂದು ಅತ್ತೆ.

ಮೊದಲೆಲ್ಲ ಸಂಜೆ ಅತ್ತೆಯ ಮಗ, ಅವಳ ಗಂಡ, ನೀರಿಗೆ ಆಹಾರ ಹಾಕಿದೊಡನೆ ಆ ಮರಳು ಉಸಿರೆಳೆದುಕೊಳ್ಳುತ್ತಿತ್ತು. ನೆಲ ಅಲ್ಲಲ್ಲಿ ಉಬ್ಬುವುದು, ಪುಟ್ಟ ಸೊಂಡಿಲುಗಳು ಮೇಲೇಳುವುವು, ಹೂತಿದ್ದ ಹುಳುಗಳೆಲ್ಲ ಸಂತೆಗೆ ಹೊರಟವರಂತೆ ಮೈಮೇಲಿನ ಮರಳು ಕೊಡವಿಕೊಂಡು ಹೊರಬರುವುವು. ಮಗ ಚಪ್ಪಾಳೆ ತಟ್ಟಿ, "ಅಮ್ಮಾ, ಎದ್ರು ನೋಡು!" ಎನ್ನುವನು. ಈಗ ನೆಲ ಬಿಳಿಯಾಗಿ, ಸಮತಟ್ಟಾಗಿ, ಯಾರೂ ಮಲಗದ ಹಾಸಿಗೆಯ ಹಾಗೆ ಇತ್ತು. ಹವಳಗಳು ಮುದುಡಿಕೊಂಡಿದ್ದವು.

"ಮರಳು ಏಳೋದನ್ನ ಇನ್ನೊಂದು ಸಲ ನೋಡ್ಬೇಕು ಕಣೇ," ಎಂದು ಅತ್ತೆ ಆಗಾಗ ಹೇಳುತ್ತಿದ್ದರು. "ಆಮೇಲೆ ದೇವರು ಕರ್ಕೊಂಡು ಹೋಗಲಿ."

ಅವಳು ಆ ಮೂರು ಹುಳುಗಳನ್ನು ಬಿಡುವಾಗ ಅತ್ತೆ ಕನ್ನಡಕ ಏರಿಸಿ ನೋಡಿದರು. "ಕೊಟ್ಟಿದ್ದು ಇಷ್ಟೇನಾ ಉಪ್ಪಿನವನು?" ಅಂಗಡಿಯವನನ್ನು ಅವರು ಕರೆಯುತ್ತಿದ್ದುದೇ ಹಾಗೆ.

"ಇಷ್ಟೇ. ನಿಮಗೆ ಗೊತ್ತಾ ಅವರು?"

"ನಿನ್ನ ಗಂಡನ ಸ್ನೇಹಿತ, ನಿಮ್ಮ ಮದುವೆಗೆ ಮುಂಚಿನವನು. ಇನ್ನೇನೂ ಕೊಡಲಿಲ್ವಾ?"

"ಇಲ್ಲ. ಯಾಕೆ?"

"ಏನಿಲ್ಲ. ಕೊಡ್ತಾನೆ ಬಿಡು," ಎಂದು ಅತ್ತೆ ಮಣಿ ಸರಿಸಿದರು.

*

ಹೀಗೆ ಶುರುವಾಯಿತು. ಡ್ಯೂಟಿ ಮುಗಿದ ಸಂಜೆ ಸ್ಟೇಷನ್ನಿನ ಹಿಂದಿನ ಗೇಟಿನಿಂದ ಗಲ್ಲಿಗೆ ಇಳಿಯುವುದು, ಟ್ಯಾಂಕಿನ ವರದಿ ಒಪ್ಪಿಸುವುದು. ಅವನು ಪ್ರಶ್ನೆ ಕೇಳುವನು. ಗಾಜಿನ ಮೇಲೆ ಹುಳು ನಡೆದ ದಾರಿ ಕಾಣುತ್ತಾ? ಮರಳಿನ ಮೇಲೆ ಗುಳ್ಳೆ ಏಳುತ್ತಾ? ವಾಸನೆ ಕಡಿಮೆ ಆಯ್ತಾ? ಉತ್ತರ ಕೇಳಿ ಒಂದು ಜೀವ ಆರಿಸುವನು. ಕೆಲವು ಸಲ ಆರಿಸದೆ ಬರಿಗೈಯಲ್ಲಿ ಕಳಿಸುವನು.

"ಹುಡುಗಿ ಕೊಡೋರೂ ಇಷ್ಟು ವಿಚಾರಿಸಲ್ಲ ರೀ," ಎಂದಳು ಒಮ್ಮೆ.

"ಹುಡುಗಿ ಕೊಟ್ರೆ ವಾಪಸ್ ಬಂದು ಜಗಳ ಆಡ್ತಾಳೆ. ಇವಕ್ಕೆ ಬಾಯಿಲ್ಲ."

ಸನ್ಯಾಸಿ ಏಡಿಗಳ ಮೇಲೆ ಅವಳಿಗೆ ಆಸೆಯಾಯಿತು. ಕೆಂಪು ಕಾಲು, ಪುಟುಪುಟು ನಡಿಗೆ. ಅವನು ತಲೆಯಾಡಿಸಿದ. "ಹೆಸರಿಗೆ ಸನ್ಯಾಸಿ. ಪಕ್ಕದವರ ಚಿಪ್ಪಿನ ಮನೆ ಇಷ್ಟ ಆದ್ರೆ ಮನೆಯವರನ್ನೇ ತಿಂದು ಒಳಗೆ ಹೋಗಿ ಕೂರ್ತಾನೆ. ನಿಮ್ಮ ಬಸವನಹುಳುಗಳ ಗತಿ?" ಕಡಲ ಸೌತೆ ಎಂಬ ದಪ್ಪ, ಸೋಮಾರಿ ಪ್ರಾಣಿಯೊಂದಿತ್ತು. ಮರಳನ್ನು ನುಂಗಿ ಶುದ್ಧ ಮಾಡಿ ಹಿಂದೆ ಬಿಡುತ್ತ ಹೋಗುವಂಥದ್ದು. ಅದೂ ಬೇಡವೆಂದ. "ಒಳ್ಳೇ ಕೆಲಸಗಾರ. ಆದ್ರೆ ನೋವಾದ್ರೆ ಮೈಯಿಂದ ವಿಷ ಬಿಡುತ್ತೆ. ಅದರ ಜೊತೆ ಎಲ್ಲರೂ ಹೋಗ್ತಾರೆ. ನೋವಾದಾಗ ಸುಮ್ಮನಿರೋಂಥವರು ಬೇಕು ನಿಮ್ಮ ಮನೆಗೆ."

"ನಮ್ಮ ಮನೇಲಿ ಅಂಥವರೇ ಇಬ್ಬರಿದ್ದೀವಿ," ಎಂದಳು ಅವಳು. ಇಬ್ಬರೂ ನಕ್ಕರು. ನಗು ನಿಂತ ಮೇಲೂ ಅವನ ಕಣ್ಣು ಅವಳ ಮುಖದ ಮೇಲೆ ಇನ್ನೊಂದು ಗಳಿಗೆ ಹೆಚ್ಚಾಗಿಯೇ ನಿಂತಿತು. ನೀಲಿ ಬೆಳಕಿನಲ್ಲಿ ಅವನ ರೆಪ್ಪೆಯ ತುದಿಯಲ್ಲೂ ಉಪ್ಪಿನ ಒಂದು ಕಣ ಇದ್ದುದನ್ನು ಅವಳು ನೋಡಿದಳು. ಅದನ್ನು ಬೆರಳಲ್ಲಿ ತೆಗೆಯಬೇಕೆನಿಸಿ, ಕೈಯನ್ನು ಪರ್ಸಿನ ಜಿಪ್ಪಿಗೆ ಕೊಟ್ಟು ಸುಮ್ಮನಾಗಿಸಿದಳು.

ಒಂದು ಸಂಜೆ ಧ್ವನಿವರ್ಧಕದಲ್ಲಿ ಅವಳ ಜೊತೆಗಾರ್ತಿಯ ದನಿ ತೇಲಿ ಬಂತು. ಅವನು ಕಿವಿಗೊಟ್ಟು ಕೇಳಿ ಹೇಳಿದ, "ಇವರು ಹೇಳಿದ್ರೆ ರೈಲು ಬರುತ್ತೆ ಅನಿಸುತ್ತೆ. ನೀವು ಹೇಳಿದ್ರೆ ಯಾರೋ ಬರ್ತಾರೆ ಅನಿಸುತ್ತೆ."

"ನಾನು ಹೇಳೋದರಲ್ಲಿ ಅರ್ಧ ತಡ ಆಗಿದ್ದಕ್ಕೆ ವಿಷಾದಿಸ್ತೀವಿ ಅನ್ನೋದೇ."

"ಅದನ್ನೇ ಹೇಳಿದ್ದು ನಾನು. ಯಾರೂ ಅಷ್ಟು ನಿಜವಾಗಿ ವಿಷಾದಿಸಲ್ಲ."

ಆ ದಿನ ಅವಳು ಮನೆಗೆ ಹೋಗುವಾಗ ಅಂಗಡಿಗಳ ಕನ್ನಡಿಗಳಲ್ಲಿ ತನ್ನನ್ನು ನೋಡಿಕೊಂಡಳು. ಎಷ್ಟೋ ಕಾಲದ ಮೇಲೆ ಅಲ್ಲಿ ಒಬ್ಬ ಹೆಂಗಸು ಇದ್ದಳು.

ಆದರೆ ಸುಖ ಬಂದ ಬಾಗಿಲಲ್ಲೇ ದುಃಖವೂ ಬರುತ್ತಿತ್ತು. ಇನ್ನೊಂದು ಸಂಜೆ, ಹಸಿರು ಹವಳವೊಂದು ಪೂರ್ತಿ ಬಿಳಿಚಿಕೊಂಡ ದಿನ, ಅವಳು ಅಂಗಡಿಯ ಸ್ಟೂಲಿನ ಮೇಲೆ ಕುಳಿತು ಅತ್ತುಬಿಟ್ಟಳು. "ಅವರ ಬಟ್ಟೆ ಕೊಟ್ಟಾಯ್ತು. ಅವರ ದೀಪಗಳನ್ನ ನಾಟಕದವರು ತಗೊಂಡು ಹೋದ್ರು. ಇದೊಂದು ಉಳಿದಿತ್ತು. ಅವರ ಜೀವ ಅಲ್ಲೇ ಎಲ್ಲೋ ಓಡಾಡ್ತಾ ಇದೆ ಅಂದ್ಕೊಂಡಿದ್ದೆ. ನನ್ನ ಕೈಯಾರೆ ತೊಳೆದು ಬಚ್ಚಲಿಗೆ ಬಿಟ್ಟೆನಲ್ಲ! ಇನ್ನೆಲ್ಲಿ ತರಲಿ ಅದನ್ನ?"

ಅವನು ಎದ್ದುನಿಂತ. ಎರಡು ಹೆಜ್ಜೆ ಹಿಂಬದಿಗೆ, ಬೆಡ್‌ಶೀಟ್ ಹೊದಿಸಿದ ಟ್ಯಾಂಕಿನ ಕಡೆಗೆ ಇಟ್ಟ. ನಿಂತ. ತಿರುಗಿ ಬಂದು, ಒಗೆದ ಟವೆಲ್ ಒಂದನ್ನು ಅವಳ ಕೈಗಿಟ್ಟ.

"ಆ ಟ್ಯಾಂಕಲ್ಲಿ ಏನಿದೆ?" ಎಂದು ಮೂಗು ಒರೆಸಿಕೊಳ್ಳುತ್ತ ಅವಳು ಕೇಳಿದಳು. ಮಾತು ಬದಲಿಸುವುದಕ್ಕೆ ಕೇಳಿದ್ದು ಅಷ್ಟೇ.

"ಅದು ಮಾರೋಕಲ್ಲ," ಎಂದ ಅವನು.

*

ಅತ್ತೆ ಆ ಕಥೆ ಹೇಳಿದ್ದು ಒಂದು ರಜೆಯ ಮಧ್ಯಾಹ್ನ, ಬಟಾಣಿ ಸುಲಿಯುತ್ತ. ಸೊಸೆಯ ಊದಿದ ಕಣ್ಣು ನೋಡಿ ಎಷ್ಟು ದಿನ ಸುಮ್ಮನಿದ್ದಾರು?

"ಉಪ್ಪಿನವನ ಅಂಗಡೀಲಿ ಒಂದ್ಸಲ ಹೀಟರ್ ಕೆಟ್ಟು ನೀರೆಲ್ಲ ಕುದ್ದುಹೋಯ್ತು. ನಿಮ್ಮ ಮದುವೆಗೆ ಮುಂಚೆ. ಒಂದೂ ಜೀವ ಉಳೀಲಿಲ್ಲ. ಅಂಗಡಿ ಮುಚ್ಚಿಬಿಡ್ತೀನಿ ಅಂತ ಕೂತಿದ್ದ. ನನ್ನ ಮಗ ಏನು ಮಾಡಿದ ಗೊತ್ತಾ? ನಮ್ಮ ನೀಲಿ ಅಂಚಿನ ಲೋಟ ಇದೆಯಲ್ಲ, ಎನಾಮಲ್‌ದು, ಅದರ ಜೋಡಿ ಒಂದಿತ್ತು. ಅದರ ತುಂಬ ಈ ಟ್ಯಾಂಕಿನ ಮರಳು ತುಂಬ್ಕೊಂಡು, ಮೇಲೆ ಬಟ್ಟೆ ಮುಚ್ಚಿ, ತುಳುಕದ ಹಾಗೆ ನಡ್ಕೊಂಡು ಹೋಗಿ ಕೊಟ್ಟು ಬಂದ. ಹಾಲಿಗೆ ಹೆಪ್ಪು ಹಾಕಿದ ಹಾಗಂತೆ ಅದು. ಒಂದು ಲೋಟ ಹಾಕಿದ್ರೆ ಸತ್ತ ಮರಳೂ ಬದುಕುತ್ತಂತೆ."

ಸೊಸೆಯ ಕೈಯಲ್ಲಿದ್ದ ಬಟಾಣಿ ಸಿಪ್ಪೆ ಹಾಗೇ ಉಳಿಯಿತು.

"ಈ ಟ್ಯಾಂಕ್ ಇಟ್ಟವರಲ್ಲಿ ಒಂದು ರೀತಿ ಇದೆಯಂತೆ ಕಣೇ. ಜೀವ ಇರೋ ಮರಳನ್ನ ಯಾರೂ ಮಾರಲ್ಲ. ಕೊಡ್ತಾರೆ. ಕೊಟ್ಟವರದು ಸತ್ತರೆ, ತಗೊಂಡವರು ಒಂದು ಲೋಟ ತಂದು ವಾಪಸ್ ಹಾಕ್ಬೇಕು. ಕೇಳಿಸ್ಕೋಬಾರದು. ತಾನಾಗಿ ತರಬೇಕು."

"ಅಂದ್ರೆ... ಆ ಬೆಡ್‌ಶೀಟ್ ಹೊದಿಸಿರೋದು..."

"ಅದರಲ್ಲಿರೋದು ನನ್ನ ಮಗನ ಮರಳು."

ಸತ್ತಿಲ್ಲ! ಅವಳು ಹಣೆಗೆ ಕೈ ಒತ್ತಿ ಹಿಡಿದು ನಕ್ಕಳು, ಅತ್ತಳು. ಅಷ್ಟು ಹತ್ತಿರ, ತಾನು ಕುಳಿತು ಅಳುತ್ತಿದ್ದ ಸ್ಟೂಲಿನಿಂದ ಎರಡು ಹೆಜ್ಜೆಯಲ್ಲಿ ಅದು ಬದುಕಿತ್ತು. ಆಮೇಲೆ ನಿಧಾನವಾಗಿ, ಕಾಲಿಗೆ ಚುಚ್ಚಿದ ಗಾಜು ತಡವಾಗಿ ನೋಯುವ ಹಾಗೆ, ಇನ್ನೊಂದು ಮಾತು ಹೊಳೆಯಿತು. ಅವನಿಗೆ ಗೊತ್ತಿತ್ತು. ತಾನು ಅಳುವುದನ್ನು ನೋಡುತ್ತ ನಿಂತಿದ್ದ. ಟವೆಲ್ ಕೊಟ್ಟಿದ್ದ.

"ಈಗಲೇ ಹೋಗಿ ಕೇಳ್ತೀನಿ," ಎಂದು ಎದ್ದಳು.

"ಕೂತ್ಕೋ," ಎಂದರು ಅತ್ತೆ. ದನಿ ಏರಿಸಲಿಲ್ಲ. "ಕೇಳಿದ್ರೆ ಕೊಡ್ತಾನೆ. ಕೇಳಿದ್ರೆ ಯಾರು ಬೇಕಾದ್ರೂ ಕೊಡ್ತಾರೆ. ಕೇಳದೆ ಕೊಡ್ತಾನಾ ನೋಡು."

"ಯಾಕತ್ತೆ? ನಿಮಗೆ ಮರಳು ಏಳೋದು ನೋಡ್ಬೇಕು ಅಂತಿದ್ರಿ."

"ನೋಡ್ಬೇಕು. ಆದ್ರೆ ಅದಕ್ಕಿಂತ ದೊಡ್ಡದೊಂದು ನೋಡೋದಿದೆ." ಅತ್ತೆ ಬಟಾಣಿಯ ಬಟ್ಟಲನ್ನು ಪಕ್ಕಕ್ಕೆ ಸರಿಸಿದರು. "ನನಗೆ ಕಣ್ಣಿಲ್ವೇನೇ? ಮೂರು ಹುಳು ತರೋಕೆ ಯಾರಾದ್ರೂ ಹೊಸ ಓಲೆ ಹಾಕ್ಕೊಂಡು ಹೋಗ್ತಾರಾ?"

ಅವಳ ಮುಖ ಕೆಂಪಾಯಿತು. "ಅತ್ತೆ, ಅದು ಹಾಗಲ್ಲ..."

"ಹಾಗೇ. ಆಗಲಿ ಅಂತಲೇ ನಾನೂ ದಿನಾ ಕೇಳ್ಕೊಳ್ಳೋದು, ಈ ಮಣಿ ಹಿಡ್ಕೊಂಡು. ನಾನು ಹೋದ ಮೇಲೆ ನೀನು ಈ ಗಾಜಿನ ಪೆಟ್ಟಿಗೆ ಮುಂದೆ ಒಬ್ಬಳೇ ಕೂರೋದು ನನಗೆ ಬೇಡ. ಆದ್ರೆ ನಿನ್ನನ್ನ ಯಾರ ಕೈಗೆ ಕೊಡ್ತಿದ್ದೀನಿ ಅಂತ ನನಗೆ ಗೊತ್ತಾಗಬೇಕು. ಒಂದು ಲೋಟ ಮರಳು ಕೊಡದೆ ಇಟ್ಕೊಂಡವನು ನಾಳೆ ನಿನ್ನ ಕಣ್ಣೀರೂ ಇಟ್ಕೋತಾನೆ."

ಸೊಸೆ ಕುಳಿತಳು. ಸಿಪ್ಪೆಯಿಂದ ಕಾಳು ಬಿಡಿಸಿದಳು.

*

ಅಲ್ಲಿಂದ ಮುಂದಿನ ಸಂಜೆಗಳು ಬೇರೆ ಥರದವು. ಅವಳು ಹೋಗುವಳು, ವರದಿ ಒಪ್ಪಿಸುವಳು, ನಗುವಳು. ಒಳಗೊಂದು ಕಿವಿ ಮಾತ್ರ ಸದಾ ಕಾಯುತ್ತಿತ್ತು. ಇವತ್ತು ಹೇಳಬಹುದು. ಇವತ್ತಲ್ಲ, ನಾಳೆ. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಗಂಟು ತೊಡೆಯ ಮೇಲಿಟ್ಟುಕೊಂಡು ಕೂತವರನ್ನು ಅವಳು ದಿನವೂ ಗಾಜಿನ ಕೋಣೆಯಿಂದ ನೋಡುತ್ತಿದ್ದಳು. ಈಗ ಅವರ ಮುಖ ಅರ್ಥವಾಗತೊಡಗಿತು.

ಸೊಂಡಿಲ ಹುಳುಗಳು ಬಂದವು. ಮರಳಿನಲ್ಲಿ ಹೂತು ಉಸಿರಿನ ಕೊಳವೆಯೊಂದನ್ನು ಮಾತ್ರ ಹೊರಗಿಡುವಂಥವು. ಆಹಾರ ಹಾಕಿದಾಗ ಒಂದೆರಡು ಎದ್ದವು. ಆದರೆ ಬಡಪಾಯಿಗಳ ಹಾಗೆ, ಜನವಿಲ್ಲದ ಊರಿನಲ್ಲಿ ಬಾಗಿಲು ತೆಗೆದು ನೋಡಿದವರ ಹಾಗೆ. ಅತ್ತೆ ನೋಡಿ, "ಪಾಪ, ಅಕ್ಕಪಕ್ಕ ಯಾರೂ ಇಲ್ಲ ಇವಕ್ಕೆ," ಎಂದರು. ಅವರ ಉಸಿರು ಈಗೀಗ ಮೆಟ್ಟಿಲು ಹತ್ತದೆಯೂ ಏರುತ್ತಿತ್ತು.

ಕೊನೆಗೆ ಶಂಖದ ಹುಳುವಿನ ಸರದಿ. ಹೆಬ್ಬೆರಳ ಗಾತ್ರದ ಗಟ್ಟಿ ಚಿಪ್ಪು. ಅದರಡಿಯಿಂದ ಎರಡು ಉದ್ದನೆಯ ಕಾಂಡಗಳು, ಕಾಂಡಗಳ ತುದಿಗೆ ಎರಡು ಕಣ್ಣು, ಕಣ್ಣಿನ ಸುತ್ತ ಬಣ್ಣದ ಉಂಗುರ. ಒಂದು ಕಣ್ಣು ಅವಳನ್ನೂ ಇನ್ನೊಂದು ಕಣ್ಣು ಅವನನ್ನೂ ನೋಡುತ್ತಿತ್ತು.

"ಕದ್ದು ನೋಡೋದು ಇದರಿಂದ ಕಲೀಬೇಕು," ಎಂದಳು ಅವಳು.

"ನಾನು ಕಲಿತಾಯ್ತು," ಎಂದ ಅವನು ಮೆಲ್ಲಗೆ.

ಗಾಜಿನಲ್ಲಿ ಇಬ್ಬರ ಮುಖವೂ ಒಂದರ ಪಕ್ಕ ಒಂದು ಇದ್ದವು. ಅವಳು ಗಾಜಿನೊಳಗಿನ ಅವನನ್ನೇ ನೋಡುತ್ತ ಕೇಳಿದಳು. ಕೇಳಬಾರದೆಂದು ಅತ್ತೆ ಹೇಳಿದ್ದರು. ಇದು ಕೇಳಿದ ಹಾಗಲ್ಲ, ಬಾಗಿಲು ತೆರೆದಿಟ್ಟ ಹಾಗೆ ಎಂದು ತನಗೆ ತಾನೇ ಹೇಳಿಕೊಂಡಳು.

"ನೀವು ನನಗೆ ಏನಾದ್ರೂ ಹೇಳೋದು ಬಾಕಿ ಇದೆಯಾ?"

ಅವನು ಒದ್ದೆ ಕೈಗಳನ್ನು ಅಂಗಿಗೆ ಒರೆಸಿಕೊಂಡ.

"ಇದೆ. ಟ್ಯಾಂಕ್ ಸರಿ ಹೋದ ದಿನ ನೀವು ಬರೋದು ನಿಲ್ಲಿಸ್ತೀರಿ. ಅದಕ್ಕೇ ಒಂದೊಂದೇ ಕೊಡ್ತಾ ಬಂದೆ. ಒಂದೇ ದಿನ ಕೊಡಬಹುದಾಗಿದ್ದನ್ನೂ ಕೊಡಲಿಲ್ಲ. ಸಂಜೆ ಆ ಸ್ಪೀಕರಲ್ಲಿ ನಿಮ್ಮ ಡ್ಯೂಟಿ ಮುಗಿಯೋದನ್ನ ಕಾಯ್ತಾ ಕೂರ್ತೀನಿ. ನೀವಿಲ್ಲದೆ ನನಗಿನ್ನು... ನನಗೆ ನೀವು ಬೇಕು ರೀ. ಅಷ್ಟೇ. ಹೇಳೋಕೆ ಬರಲ್ಲ ನನಗೆ."

ಯಾವ ಹೆಂಗಸೂ ಕೇಳಿ ಕರಗುವಂಥ ಮಾತು. ಅವಳೂ ಕರಗಿದಳು. ಆದರೂ ಕಾದಳು. ಇನ್ನೂ ಒಂದು ಮಾತಿದೆ, ಈಗ ಹೇಳುತ್ತಾನೆ. ಒಂದೇ ಒಂದು ಮಾತು. ಪಂಪುಗಳು ಗುಂಯ್‌ಗುಟ್ಟಿದವು. ಬೆಡ್‌ಶೀಟಿನ ಅಂಚಿನಿಂದ ನೀಲಿ ಬೆಳಕಿನ ಒಂದು ಗೆರೆ ನೆಲಕ್ಕೆ ಬಿದ್ದಿತ್ತು. ಅವನು ಆ ಗೆರೆಯನ್ನು ನೋಡಿದ. ಮತ್ತೆ ಶಂಖದ ಹುಳುವಿನ ಕಡೆಗೇ ತಿರುಗಿದ.

"ನಾಳೆ ಈ ಶಂಖದವನನ್ನ ನೀವೇ ಮನೆಗೆ ತಂದು ಬಿಡಿ," ಎಂದಳು ಅವಳು. ಧ್ವನಿವರ್ಧಕದ ಮುಂದೆ ಬಳಸುವ ಸಮವಾದ ದನಿ ಅದು; ಅದರ ಹಿಂದೆ ಏನು ಬೇಕಾದರೂ ಅಡಗಿಸಬಹುದು. "ಅತ್ತೆ ನೋಡ್ಬೇಕಂತೆ."

"ನನ್ನ ಮಾತಿಗೆ..."

"ಅದಕ್ಕೂ ಉತ್ತರ ಇದೆ. ಮನೆಗೆ ಬನ್ನಿ."

*

ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದ. ಆ ಅಂಗಿಗೂ ಹೇಗೋ ಉಪ್ಪು ಹತ್ತಿತ್ತು. ಶಂಖದ ಹುಳುವನ್ನು ಅರ್ಧ ತಾಸು ಟ್ಯಾಂಕಿನ ನೀರಿಗೆ ಒಗ್ಗಿಸಿ, ಕೈಯನ್ನು ಮೊಣಕೈ ತನಕ ಇಳಿಸಿ, ಮಗುವನ್ನು ಮಲಗಿಸುವ ಹಾಗೆ ಮರಳಿನ ಮೇಲೆ ಇಟ್ಟ. ಕೈ ತೆಗೆಯುವಾಗ ಆ ಸಪ್ಪೆ ಬಿಳಿ ಮರಳು ಬೆರಳ ಸಂದಿಯಿಂದ ಜಾರಿತು. ಅವನು ಅದನ್ನೇ ನೋಡುತ್ತ ಬಾಗಿಕೊಂಡೇ ಇದ್ದ.

"ಕೂತ್ಕೋ ಮಗಾ," ಎಂದರು ಅತ್ತೆ. "ಚಹಾ ನಾನೇ ತರ್ತೀನಿ. ಇವಳಿಗೆ ಹದ ಗೊತ್ತಿಲ್ಲ."

"ನಿಮ್ಮ ಮಂಡಿ ಅತ್ತೆ..."

"ಮಂಡಿಗೆ ನಾನು ಹೇಳ್ಕೋತೀನಿ, ನೀನು ಸುಮ್ನಿರು."

ಗೋಡೆ ಹಿಡಿದು ಅಡುಗೆಮನೆಗೆ ಹೋಗಿ, ಗೋಡೆ ಹಿಡಿದೇ ಬಂದರು. ಅವಳಿಗೆ ಸ್ಟೀಲ್ ಲೋಟ. ಅವನ ಕೈಗೆ ನೀಲಿ ಅಂಚಿನ ಬಿಳಿ ಎನಾಮಲ್ ಲೋಟ. ಹಿಡಿಕೆಯ ಬಳಿ ಚಕ್ಕೆ ಎದ್ದಿತ್ತು.

ಅವನು ಅದನ್ನು ಗುರುತು ಹಿಡಿದ. ಹಿಡಿದದ್ದು ಅವಳಿಗೂ ಕಂಡಿತು. ಬಿಸಿ ಲೋಟದ ಸುತ್ತ ಹತ್ತೂ ಬೆರಳು ಒತ್ತಿಕೊಂಡು ಅವನು ಕುಳಿತ. ಅತ್ತೆ ಅವನ ಮೀನುಗಳ ಯೋಗಕ್ಷೇಮ ಕೇಳಿದರು, ಊಟ ಯಾರು ಮಾಡಿಕೊಡುತ್ತಾರೆ ಎಂದು ಕೇಳಿದರು, ಉಪ್ಪುನೀರಲ್ಲಿ ಇಷ್ಟು ಕೈ ಅದ್ದಿದರೆ ಉಗುರು ಹಾಳಾಗಲ್ವಾ ಎಂದು ಬೈದರು. ಮರಳಿನ ಮಾತೇ ಎತ್ತಲಿಲ್ಲ. ಅವನು ಎಲ್ಲಕ್ಕೂ "ಹೂಂ ಅಮ್ಮ" ಎಂದ. ಚಹಾ ಅರ್ಧವೂ ಇಳಿಯಲಿಲ್ಲ. ತಣ್ಣಗಾಗಿ ಮೇಲೆ ಕೆನೆ ಕಟ್ಟಿತು.

ಹೊರಡುವಾಗ ಬಾಗಿಲಲ್ಲಿ ಒಮ್ಮೆ ತಿರುಗಿ ನಿಂತ. ಅವಳನ್ನಲ್ಲ, ಟ್ಯಾಂಕನ್ನು ನೋಡಿದ. ಮೆಟ್ಟಿಲಿಳಿದು ಹೋದ.

"ಕೇಳಬೇಡ ಅಂದವರು ನೀವು," ಎಂದಳು ಸೊಸೆ. "ಇದು ಕೇಳಿದ ಹಾಗಲ್ವಾ?"

"ನಾನೇನು ಕೇಳಿದೆ? ಚಹಾ ಕೊಟ್ಟೆ." ಅತ್ತೆ ಆ ಲೋಟವನ್ನು ತಾವೇ ತೊಳೆದು ಬೋರಲು ಹಾಕಿದರು. ಉಸಿರು ಏರಿತ್ತು, ಮುಖದಲ್ಲಿ ಮಾತ್ರ ಚಿಕ್ಕ ಹುಡುಗಿಯ ತುಂಟತನ. "ನಾಳೆ ತರ್ತಾನೆ ನೋಡು."

"ತರದಿದ್ರೆ?"

"ಲೋಟ ಹಿಡ್ಕೊಂಡಿದ್ದ ಕೈ ನೋಡಿದೆ ಕಣೇ ನಾನು. ತರ್ತಾನೆ." ಮಲಗುವ ಮುನ್ನ ಟ್ಯಾಂಕಿನ ದೀಪ ಆರಿಸುತ್ತ ಅವರು ಮರಳಿಗೋ ಮಗನಿಗೋ ದೇವರಿಗೋ ಏನೋ ಹೇಳಿದರು. ಸೊಸೆಗೆ ಕೇಳಿಸಲಿಲ್ಲ.

*

ಬೆಳಿಗ್ಗೆ ಅತ್ತೆ ಏಳಲಿಲ್ಲ.

ಡಾಕ್ಟರು ಬಂದು ಹೋದರು. ನಿದ್ದೆಯಲ್ಲೇ ಹೋಗಿದ್ದಾರೆ, ನೋವಾಗಿರಲಾರದು ಎಂದರು. ಜಪಮಣಿ ಬೆರಳಿಗೆ ಸುತ್ತಿಕೊಂಡೇ ಇತ್ತು. ಪಕ್ಕದ ಮನೆಯವರು ಅಂಗಳದಲ್ಲಿ ಕುರ್ಚಿ ಹಾಕಿದರು. ಬಂದವರು ಮೆಲುದನಿಯಲ್ಲಿ ಮಾತಾಡಿದರು, ಚಪ್ಪಲಿಗಳು ಬಾಗಿಲ ಬಳಿ ಗುಂಪುಗೂಡಿದವು. ಅವಳು ಅಳಲಿಲ್ಲ. ಟ್ಯಾಂಕಿನ ದೀಪ ಹಾಕಬೇಕೋ ಬೇಡವೋ ಎಂದು ತಿಳಿಯದೆ, ಸ್ವಿಚ್ಚಿನ ಮೇಲೆ ಬೆರಳಿಟ್ಟುಕೊಂಡು ಬಹಳ ಹೊತ್ತು ನಿಂತಿದ್ದಳು. ಆಮೇಲೆ ಹಾಕಿದಳು. ಶಂಖದ ಹುಳು ಎರಡು ಕಣ್ಣನ್ನೂ ಎತ್ತಿ ಖಾಲಿ ಬೆತ್ತದ ಕುರ್ಚಿಯನ್ನು ನೋಡಿತು.

ಯಾರೋ ಗೇಟಿನ ಬಳಿ ನಿಂತಿದ್ದಾರೆ ಎಂದು ಪಕ್ಕದ ಮನೆಯಾಕೆ ಬಂದು ಹೇಳಿದಳು.

ಅವನೇ. ನಿನ್ನೆಯ ಅಂಗಿಯನ್ನೇ ತೊಟ್ಟಿದ್ದ, ಇಸ್ತ್ರಿಯೆಲ್ಲ ಮುದುರಿತ್ತು. ಎರಡು ಕೈಯಲ್ಲೂ ಏನನ್ನೋ ಎದೆಯ ಮಟ್ಟಕ್ಕೆ ಹಿಡಿದಿದ್ದ. ಮೇಲೆ ಒದ್ದೆ ಬಟ್ಟೆ ಮುಚ್ಚಿತ್ತು. ತುಳುಕದ ಹಾಗೆ ಇಡೀ ದಾರಿ ನಡೆದು ಬಂದವನ ಭುಜ ಕಲ್ಲಾಗಿತ್ತು. ಅಂಗಳದ ಕುರ್ಚಿಗಳನ್ನು, ಚಪ್ಪಲಿಗಳನ್ನು ಅವನು 'ಇದೇನು' ಎಂಬ ಹಾಗೆ ನೋಡುತ್ತಿದ್ದ. ಅವನಿಗೆ ಗೊತ್ತಿರಲಿಲ್ಲ.

ಅವಳು ಗೇಟಿನ ತನಕ ಹೋದಳು.

"ಅತ್ತೆ ಹೋದ್ರು," ಎಂದಳು.

ಅವನು ಗೇಟಿನ ಕಂಬಕ್ಕೆ ಒರಗಿದ. ಕೈ ಮಾತ್ರ ಅಲುಗಲಿಲ್ಲ.

"ನಿನ್ನೆ... ನಿನ್ನೆ ಚೆನ್ನಾಗೇ ಇದ್ರಲ್ಲ."

"ನಿಮ್ಮ ಲೋಟ ತೊಳೆದಿಟ್ಟು ಮಲಗಿದ್ರು. ನಾಳೆ ತರ್ತಾನೆ ನೋಡು ಅಂದ್ರು."

ಆ ಮಾತು ಅವನಿಗೆ ತಲುಪಲು ಹೊತ್ತು ಹಿಡಿಯಿತು. ತಲುಪಿದಾಗ ಅವನು ಮುಖ ಮರೆಮಾಡಿಕೊಳ್ಳಲಾರದೆ ಹೋದ. ಕೈ ಎರಡೂ ತುಂಬಿದ್ದವು. ಕಣ್ಣೀರು ಗಲ್ಲದಿಂದ ಇಳಿದು ಒದ್ದೆ ಬಟ್ಟೆಯ ಮೇಲೆ ಬಿತ್ತು.

"ಅವರಿಗೆ ಗೊತ್ತಿತ್ತಾ?"

"ಮೊದಲ ದಿನದಿಂದ. ಆಮೇಲೆ ನನಗೂ."

"ನಿಮಗೂ ಗೊತ್ತಿದ್ದು... ದಿನಾ ಬರ್ತಿದ್ರಿ?"

"ಕಾಯ್ತಾ ಇದ್ವಿ," ಎಂದಳು.

ದೂರದ ಸ್ಟೇಷನ್ನಿನಿಂದ ಅವಳ ಜೊತೆಗಾರ್ತಿಯ ದನಿ ಛಾವಣಿಗಳ ಮೇಲಿಂದ ತೇಲಿ ಬಂತು. ಯಾವುದೋ ರೈಲು ತಡವಾಗಿತ್ತು. ಆದ ಅಡಚಣೆಗೆ ವಿಷಾದವಿತ್ತು. ಇಬ್ಬರೂ ಅದು ಮುಗಿಯುವ ತನಕ ಸುಮ್ಮನೆ ನಿಂತರು. ಎಷ್ಟು ಸಾವಿರ ಸಲ ಆ ಮಾತು ಹೇಳಿದ್ದಳೋ ಅವಳು. ಅದನ್ನು ಇನ್ನೊಬ್ಬರ ಬಾಯಲ್ಲಿ, ನಿಂತು ಕೇಳಿಸಿಕೊಂಡದ್ದು ಅದೇ ಮೊದಲು.

"ಮೊದಲ ದಿನವೇ ಕೊಡಬೇಕಿತ್ತು," ಎಂದ ಅವನು. "ನೀವು ಆ ಸ್ಟೂಲ್ ಮೇಲೆ ಕೂತು ಅತ್ತ ದಿನ ಆದ್ರೂ. ಎರಡು ಹೆಜ್ಜೆ ಹೋಗಿದ್ದೆ. ಕೊಟ್ಟುಬಿಟ್ರೆ ನೀವು ನನ್ನ ಹತ್ರ ಬರೋಕೆ ಕಾರಣ ಏನೂ ಇರಲ್ಲ ಅನಿಸ್ತು."

ಒಂದು ರಾತ್ರಿ ಮುಂಚೆ ಬಂದಿದ್ದರೆ ಎನ್ನುವ ಮಾತು ಅವಳ ನಾಲಿಗೆಯ ತನಕ ಬಂದಿತ್ತು. ಅವನ ಕೈಯಲ್ಲಿದ್ದದ್ದು ಇನ್ನೂ ಒಂದು ಹನಿಯೂ ತುಳುಕದೆ ಇರುವುದನ್ನು ನೋಡಿ, ಅದನ್ನು ಅಲ್ಲೇ ಬಿಟ್ಟಳು. ಗೇಟಿನ ಚಿಲಕ ತೆಗೆದಳು.

ಅವನು ಒಳಗೆ ಬಂದು ಬಟ್ಟೆ ಸರಿಸಿದ. ಜೋಡಿಯ ಇನ್ನೊಂದು ನೀಲಿ ಅಂಚಿನ ಬಿಳಿ ಎನಾಮಲ್ ಲೋಟ. ಕಂಠದ ತನಕ ಮರಳು, ಅದರ ಮೇಲೆ ಒಂದು ಬೆರಳು ನೀರು. ಬಿಳಿಯಲ್ಲ, ಮಬ್ಬು ಬಣ್ಣದ, ಕೊಳಕು ಎಂದು ಯಾರಾದರೂ ತೊಳೆಯಬಹುದಾದ ಮರಳು. ಅವಳು ಬಾಗಿ ನೋಡುತ್ತಿದ್ದಂತೆ ಅದರೊಳಗೆ ಏನೋ ಒಂದು, ದಾರದ ಎಳೆಯಷ್ಟು ಸಣ್ಣದು, ಬೆಳಕಿಗೆ ತಲೆಯೆತ್ತಿ ಮತ್ತೆ ಒಳಕ್ಕೆ ಜಾರಿತು.

"ಇದು ನಿಮ್ಮ ಮನೆಯದು," ಎಂದ.

ಅವಳು ಎರಡೂ ಕೈ ಚಾಚಿದಳು. ಅವನು ಹಿಡಿಕೆಯನ್ನು ಅವಳ ಕಡೆಗೆ ತಿರುಗಿಸಿ, ತುಳುಕದ ಹಾಗೆ, ಲೋಟವನ್ನು ಅವಳ ಕೈಗೆ ಕೊಟ್ಟ.